ಎಡಗಡೆಯ ಸುತ್ತು

ಮುದುಕರು ಕಿವಿಗೆ ಅಂಗೈ ಒತ್ತಿಕೊಂಡು "ಅಯ್ಯಯ್ಯೋ" ಎಂದು ಕೂಗಿಕೊಂಡಾಗಲೇ ಅವಳಿಗೆ ಗೊತ್ತಾದದ್ದು, ಶ್ರವಣಯಂತ್ರದ ದನಿಯನ್ನು ಕೊನೆಯವರೆಗೂ ಏರಿಸಿಟ್ಟು ಹಾಗೆಯೇ ಅವರ ಕಿವಿಗೆ ಕೂರಿಸಿಬಿಟ್ಟಿದ್ದೇನೆ ಎಂದು. ಈ ಅಂಗಡಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಅವಳೇ ಹೇಳಿಕೊಡುವ ಪಾಠ ಅದು: ಮೊದಲು ದನಿ ಇಳಿಸಿ, ಆಮೇಲೆ ಕಿವಿಗೆ ಹಾಕಿ. ಅಂಗಡಿಯ ಯಜಮಾನರು ಕೌಂಟರ್ ಬಿಟ್ಟು ಎದ್ದು ಬಂದರು. ಮುದುಕರ ಭುಜ ಸವರಿ ಸಮಾಧಾನ ಮಾಡಿದರು. ಆಮೇಲೆ ಅವಳ ಕಡೆ ತಿರುಗಿ, ಗಿರಾಕಿಗೆ ಕೇಳಲಿ ಅಂತಲೇ ದನಿ ಎತ್ತಿ, "ಏನಮ್ಮಾ, ಮನಸ್ಸು ಎಲ್ಲಿಟ್ಟು ಬಂದಿದ್ದೀರಿ ಇವತ್ತು?" ಎಂದರು. ಅವಳು "ತಪ್ಪಾಯ್ತು ಸಾರ್" ಅಂದಳು. ಮುದುಕರಿಗೂ ಒಂದು "ತಪ್ಪಾಯ್ತು" ಅಂದಳು. ತಪ್ಪಾಯ್ತು ಅನ್ನುವುದರಲ್ಲಿ ಅವಳಿಗೆ ಒಳ್ಳೆಯ ರೂಢಿಯಿತ್ತು. ಯಾರು ಕೇಳಿದರೂ, ಕೇಳದಿದ್ದರೂ, ಬಾಯಿಂದ ತಾನಾಗಿ ಬರುತ್ತಿತ್ತು. ಮನಸ್ಸು ಎಲ್ಲೂ ಹೋಗಿರಲಿಲ್ಲ. ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಅವಳ ಮೇಜಿನ ಡ್ರಾಯರಿನಲ್ಲಿ, ಕನ್ನಡಕ ಒರೆಸುವ ಬಟ್ಟೆಯೊಳಗೆ ಸುತ್ತಿಕೊಂಡು ಬಿದ್ದಿತ್ತು.

ಬಟ್ಟೆಯೊಳಗಿದ್ದದ್ದು ಒಂದು ವಿಡಿಯೋ ಗೇಮಿನ ಕ್ಯಾಸೆಟ್ಟು. ಹಳೆಯ ಕಾಲದ್ದು, ಗಾಲ್ಫ್ ಆಟದ್ದು, ಬಂಗಾರದ ಬಣ್ಣದ್ದು. ಅಂಗಡಿಗಳಲ್ಲಿ ಮಾರಿದ್ದು ಬೂದು ಬಣ್ಣದ್ದು. ಈ ಬಂಗಾರದ್ದನ್ನು ಯಾವ ಅಂಗಡಿಯೂ ಕಂಡಿಲ್ಲ. ಆಟ ತಯಾರಿಸಿದ ಕಂಪನಿ ಒಂದು ವರ್ಷ ಸ್ಪರ್ಧೆ ಇಟ್ಟಿತ್ತು. ಮನೆಯಲ್ಲಿ ಆಡಿ, ಅತ್ಯಂತ ಕಡಿಮೆ ಹೊಡೆತದಲ್ಲಿ ಎಲ್ಲ ಕುಳಿಗಳನ್ನೂ ಮುಗಿಸಿ, ಆ ಬೂದು ಕ್ಯಾಸೆಟ್ಟನ್ನೇ ಅಂಚೆಯಲ್ಲಿ ಕಳಿಸಬೇಕು. ಗೆದ್ದ ಕೆಲವೇ ಕೆಲವರಿಗೆ ಬಂಗಾರದ್ದು ತಿರುಗಿ ಬರುತ್ತದೆ, ಅವರವರ ಹೆಸರು ಮತ್ತು ಅವರು ಆಡಿದ ಆಟ ಒಳಗೆ ತುಂಬಿಸಿಕೊಂಡು. ಆಡಿದ ಆಟ ಎಂದರೆ ಚೆಂಡು ಹೋದ ದಾರಿ ಮಾತ್ರವಲ್ಲ. ಯಾವ ಬಟನ್ ಎಷ್ಟು ಸಲ ಒತ್ತಿದರು, ಎಲ್ಲಿ ತಡೆದರು, ಎಲ್ಲಿ ಮನಸ್ಸು ಬದಲಾಯಿಸಿದರು, ಎಲ್ಲವೂ ಹಾಗೆ ಹಾಗೇ. ಪರದೆಯ ಮೇಲೆ ಪುಟ್ಟ ಆಟಗಾರನೊಬ್ಬ ಬಂದು ಅಂದು ಆಡಿದ್ದನ್ನೇ ಇಂದೂ ಆಡಿ ತೋರಿಸುತ್ತಾನೆ. ಅದನ್ನೆಲ್ಲ ನೆನಪಿಟ್ಟುಕೊಂಡಿರುವುದು ಒಳಗಿನ ಬಿಲ್ಲೆಯಂಥ ಒಂದು ಸೆಲ್ಲು. ಆ ಸೆಲ್ಲು ಈಗ ಸಾಯುತ್ತ ಬಂದಿತ್ತು. ನಿನ್ನೆ ಸಂಜೆ ಅವಳ ತಮ್ಮ ಈ ಕ್ಯಾಸೆಟ್ಟನ್ನೂ ಅದನ್ನು ಆಡಿಸುವ ಹಳೆಯ ಮೆಷಿನ್ನನ್ನೂ ಮನೆಗೆ ತಂದು ಮೇಜಿನ ಮೇಲಿಟ್ಟು, "ಅಕ್ಕಾ, ನಿನ್ನ ಕೈ ಬಿಟ್ರೆ ಬೇರೆ ಯಾರ ಕೈಗೂ ಇದನ್ನ ಕೊಡಲ್ಲ ನಾನು. ನಾಳೆ ಮಧ್ಯಾಹ್ನ ನಿನ್ನ ಅಂಗಡಿಗೇ ಕೊಳ್ಳೋರು ಬರ್ತಾರೆ, ಅವರ ಕಣ್ಣೆದುರಿಗೇ ಸೆಲ್ಲು ಬದಲಾಯಿಸಬೇಕಂತೆ. ಒಳಗಿರೋ ಆಟ ಒಂಚೂರೂ ಅಳಿಸಬಾರದು. ಆಟ ಹೋದ್ರೆ ಇದು ಬರೀ ಪ್ಲಾಸ್ಟಿಕ್ಕು" ಎಂದಿದ್ದ. ಅವಳಿಗೆ ಹೆಮ್ಮೆಯಾಗಿತ್ತು. ನಿನ್ನ ಕೈ ಬಿಟ್ರೆ ಅಂದನಲ್ಲ, ಅಷ್ಟಕ್ಕೇ ಉಬ್ಬಿಹೋಗಿದ್ದಳು. ಅದನ್ನು ನೆನೆಸಿಕೊಂಡರೆ ಈಗ ಮೈಯೆಲ್ಲ ಉರಿಯುತ್ತಿತ್ತು.

ಬಿಚ್ಚುವ ಮುಂಚೆ ಎಲ್ಲ ಸರಿಯಿದೆಯೇ ನೋಡಿಬಿಡೋಣ ಎಂದು ಬೆಳಿಗ್ಗೆ ಮನೆಯ ಟಿವಿಗೆ ಮೆಷಿನ್ ಜೋಡಿಸಿದ್ದಳು. ಅಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದಳು. ಆ ಬಂಗಾರದ ಕ್ಯಾಸೆಟ್ಟನ್ನು ಅವಳು ಮುಟ್ಟಿದ್ದು ಅದೇ ಮೊದಲು. ಮನೆಗೆ ಬಂದ ದಿನದಿಂದ ಅದು ಗಾಜಿನ ಬೀರುವಿನಲ್ಲಿತ್ತು, ಬೀಗದ ಕೈ ಅಮ್ಮನ ಹತ್ತಿರ; ತಮ್ಮನಿಗೆ ಮದುವೆಯಾಗಿ ಅವನು ಬೇರೆ ಮನೆ ಮಾಡಿದಾಗ ಅವನ ಜೊತೆ ಹೋಯಿತು. ಪರದೆಯ ಮೇಲೆ ತಮ್ಮನ ಹೆಸರು ಬಿಳಿ ಅಕ್ಷರದಲ್ಲಿ ಬಂತು. ಹಸಿರು ಮೈದಾನ ಬಂತು. ಕುಳಿಯ ಬಾವುಟ ನೇರಕ್ಕಿಂತ ಒಂದಿಷ್ಟು ಬಲಕ್ಕಿತ್ತು. ಪುಟ್ಟ ಆಟಗಾರ ಕೋಲು ಹಿಡಿದು ನಿಂತ. ಬಲಕ್ಕೆ ಒಂದೇ ಒಂದು ಸಲ ತಿರುಗಿದರೆ ಸಾಕಿತ್ತು. ಅವನು ಎಡಕ್ಕೆ ತಿರುಗಿದ. ಇನ್ನೂ ಎಡಕ್ಕೆ. ಬೆನ್ನು ಹಾಕಿದ, ಮತ್ತೂ ತಿರುಗಿದ, ಗರಗರನೆ ಒಂದು ಪೂರ್ತಿ ಸುತ್ತು ಸುತ್ತಿ ಬಂದು ಬಾವುಟದ ಕಡೆ ಮುಖ ಮಾಡಿ ನಿಂತು ಹೊಡೆದ. ಏನು, ಯಾಕೆ ಅಂತ ತಲೆಗೆ ಹೊಳೆಯುವ ಮುಂಚೆಯೇ ಅವಳ ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ಮಿಸುಕಿತ್ತು. ಪಕ್ಕದಲ್ಲಿ ಅಮ್ಮ ನಕ್ಕಳು. "ಹೀಗೇ ಕಣೆ, ಹೀಗೇ ಗರಗರ ತಿರುಗಿಸ್ತಿದ್ದೆ ನೀನು! ನೋಡ್ತಾ ನಿಂತ್ರೆ ನನಗೇ ತಲೆಸುತ್ತು ಬರೋದು."

ಚಿಕ್ಕಂದಿನ ಆ ಹಳೆಯ ಮನೆಯ ನಡುಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಟಿವಿಯ ಮೇಲೆಯೇ ಬೀಳಿಸುತ್ತಿತ್ತು, ಅದಕ್ಕೇ ಅವಳು ಹಳೆಯ ಹೊದಿಕೆಯೊಂದನ್ನು ಕಿಟಕಿಗೆ ಸಿಕ್ಕಿಸಿ ಕೂರುತ್ತಿದ್ದಳು. ಅವಳ ಶಾಲೆ ಬೆಳಗಿನದು, ತಮ್ಮನದು ಮಧ್ಯಾಹ್ನದ್ದು. ಮೆಷಿನ್ನು ಅವನ ಹುಟ್ಟುಹಬ್ಬಕ್ಕೆ ಅಪ್ಪ ತಂದದ್ದು, ಹಾಗಾಗಿ ಅವನಿಲ್ಲದ ಹೊತ್ತು ಮಾತ್ರ ಅವಳದು. ಕೈಯಲ್ಲಿ ಹಿಡಿದು ಬಟನ್ ಒತ್ತುವ ಕಂಟ್ರೋಲರ್ ಎರಡಿದ್ದವು. ಒಂದನ್ನು ತಮ್ಮ ಸೋತ ಸಿಟ್ಟಿಗೆ ನೆಲಕ್ಕೆ ಕುಕ್ಕಿದ್ದ. ಅವತ್ತಿನಿಂದ ಅದರ ಬಲಗಡೆಯ ಬಟನ್ ಸತ್ತುಹೋಯಿತು, ಎಷ್ಟು ಒತ್ತಿದರೂ ಕೇಳುತ್ತಿರಲಿಲ್ಲ. ಕುಕ್ಕಿದವನು ಒಳ್ಳೆಯದನ್ನು ತನ್ನದು ಮಾಡಿಕೊಂಡ. "ಚಿಕ್ಕವನು, ಬಿಟ್ಟುಕೊಡು" ಅಂದಳು ಅಮ್ಮ. ಬಿಟ್ಟುಕೊಟ್ಟಳು. ಅಷ್ಟಕ್ಕೂ ನಂಬಿಕೆಯಿಲ್ಲದೆ ಅವನು ಆ ಒಳ್ಳೆಯದನ್ನು ಪುಸ್ತಕಗಳ ನಡುವೆ ತುರುಕಿ ಶಾಲೆಗೇ ಒಯ್ಯುತ್ತಿದ್ದ. ಕೆಟ್ಟದ್ದರಲ್ಲಿ ಬಲಕ್ಕೆ ಹೋಗಬೇಕೆಂದರೆ ಎಡಗಡೆಯಿಂದಲೇ ಪೂರ್ತಿ ಸುತ್ತಿಕೊಂಡು ಬರಬೇಕು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಆ ಸುತ್ತೇ ಹಿತವಾಗತೊಡಗಿತು. ಸುತ್ತಿ ಬರುವಷ್ಟರಲ್ಲಿ ಗಾಳಿ ಯಾವ ಕಡೆಗಿದೆ, ಎಷ್ಟು ಜೋರು ಹೊಡೆಯಬೇಕು ಎಲ್ಲ ಮನಸ್ಸಿನಲ್ಲಿ ಕೂತುಬಿಡುತ್ತಿತ್ತು. ಕೊನೆಯ ಕುಳಿ ಕೆರೆಯ ಆಚೆಗಿತ್ತು. ಒಂದು ಮಧ್ಯಾಹ್ನ ಅವಳು ಹೊಡೆದ ಚೆಂಡು ಕೆರೆ ದಾಟಿ, ಕುಳಿಯ ಅಂಚಿಗೆ ಬಂದು ನಿಂತಿತು, ನಿಂತೇ ಇತ್ತು, ಆಮೇಲೆ ಏನೋ ಜ್ಞಾಪಿಸಿಕೊಂಡಂತೆ ಒಳಗೆ ಬಿತ್ತು. ಅವಳು ಕಿರುಚಿದ ಕಿರುಚಾಟಕ್ಕೆ ಅಮ್ಮ ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಓಡಿಬಂದಳು. "ಏನಾಯ್ತೇ? ಮೆಲ್ಲಗೆ ಕಿರುಚು, ಪಕ್ಕದ ಮನೆಯವರು ಏನಂದ್ಕೋತಾರೆ!" ಅಷ್ಟು ಕಡಿಮೆ ಹೊಡೆತಕ್ಕೆ ಆ ಮನೆಯಲ್ಲಿ ಯಾರೂ ಆಟ ಮುಗಿಸಿರಲಿಲ್ಲ. ಕ್ಯಾಸೆಟ್ಟಿನ ನೆನಪಿನಲ್ಲಿ ಉಳಿಯುವುದು ಒಂದೇ ಆಟ, ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ತಮ್ಮನೂ ಕೆಲವು ದಿನ ಆಡಿದ. ಕ್ಯಾಸೆಟ್ಟನ್ನು ಕಟ್ಟಿ ಅಂಚೆಗೆ ಹಾಕಿದವಳು ಅಮ್ಮ. ಬಂಗಾರದ್ದು ತಮ್ಮನ ಹೆಸರು ಹೊತ್ತು ಬಂದಾಗ ಅವಳಿಗೆ ಅನುಮಾನವೇ ಬರಲಿಲ್ಲ. ಆ ಕೊನೆಯ ದಿನಗಳಲ್ಲಿ ಇವನು ನನ್ನನ್ನೂ ಮೀರಿಸಿ ಆಡಿದ್ದಾನೆ, ನನ್ನ ಆಟದ ಮೇಲೆ ತನ್ನದನ್ನು ಕೂರಿಸಿದ್ದಾನೆ ಎಂದುಕೊಂಡಳು. ಶಾಲೆಯ ವೇದಿಕೆ ಮೇಲೆ ಅವನನ್ನು ಹತ್ತಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ. ಕೆಟ್ಟ ಕಂಟ್ರೋಲರನ್ನು ಅಟ್ಟದ ಮೇಲಕ್ಕೆ ಎಸೆದಳು. ಮತ್ತೆ ಆಡಲಿಲ್ಲ.

ಬೆಳಗಿನ ಕಾಫಿಯ ಲೋಟ ಅಮ್ಮನ ಕೈಯಲ್ಲಿ ಹಾಗೇ ಉಳಿದಿತ್ತು. ನಕ್ಕ ಮೇಲೆ ಏನು ಹೇಳಿದೆ ಎನ್ನುವುದು ಅಮ್ಮನಿಗೆ ಹೊಳೆದಿತ್ತೋ ಏನೋ, ಕಿವಿಯ ಹಿಂದೆ ಬೆರಳಿಟ್ಟು ತನ್ನ ಶ್ರವಣಯಂತ್ರವನ್ನು ತಡಕಾಡತೊಡಗಿದಳು. "ಇದರ ಸೆಲ್ಲು ಮುಗೀತಾ ಬಂದಿದೆ ಅನ್ಸುತ್ತೆ ಕಣೆ."

"ಮೊನ್ನೆ ತಾನೇ ಹೊಸದು ಹಾಕಿದ್ದೀನಿ. ಚೆನ್ನಾಗಿ ಕೇಳುತ್ತೆ ನಿನಗೆ. ಅಮ್ಮಾ, ಇದು ನಾನು ಆಡಿದ್ದಾ?"

"ಮತ್ಯಾರು ಆಡ್ತಾರೆ ಹೀಗೆ."

"ಹೆಸರು ಅವನದು ಇದೆಯಲ್ಲ."

"ಪಾರ್ಸಲ್ ಮೇಲೆ ಯಾರದಾದ್ರೂ ಒಂದು ಹೆಸರು ಬರೀಬೇಕಿತ್ತು, ಬರೆದೆ. ಮೆಷಿನ್ನು ಅವನದು. ಯಾರ ಹೆಸರಾದ್ರೇನು, ಮನೆಗೆ ತಾನೆ ಬಂದಿದ್ದು?"

"ಬಂದ ಮೇಲಾದ್ರೂ ಹೇಳಬಹುದಿತ್ತು."

"ಹೇಳಿ ಏನಾಗಬೇಕಿತ್ತು? ಆ ವರ್ಷ ಅವನು ಎಲ್ಲದರಲ್ಲೂ ಫೇಲು. ಮೇಷ್ಟ್ರು ಬಾಯಿಗೆ ಬಂದ ಹಾಗೆ ಬೈದು ಕಳಿಸಿದ್ರು, ಊಟ ಬಿಟ್ಟು ಮೂಲೆ ಹಿಡಿದಿದ್ದ. ಇದು ಬಂದ ಮೇಲೆ ತಾನೆ ಹುಡುಗ ತಲೆ ಎತ್ತಿದ್ದು? ಅವನಿಗೆ ಒಂದು ಏನಾದ್ರೂ ಬೇಕಿತ್ತು. ನಿನಗೇನು, ನೀನು ಹೇಗಿದ್ರೂ ಬದುಕ್ಕೊಳ್ತೀಯ ಅಂತ ನನಗೆ ಗೊತ್ತಿತ್ತು."

ಈ ಕೊನೆಯ ಮಾತನ್ನು ಅವಳು ಹೊಸದಾಗಿ ಕೇಳುತ್ತಿರಲಿಲ್ಲ. ನೆಂಟರ ಮುಂದೆ, ಪಕ್ಕದ ಮನೆಯವರ ಮುಂದೆ, ಆಸ್ಪತ್ರೆಯ ಬೆಂಚಿನ ಮೇಲೆ, ಅಮ್ಮ ಅದನ್ನು ಹೇಳುತ್ತಲೇ ಬಂದಿದ್ದಳು. ನನ್ನ ಮಗಳಿಗೇನು, ಅವಳು ಹೇಗಿದ್ರೂ ಬದುಕ್ಕೊಳ್ತಾಳೆ. ಇಷ್ಟು ವರ್ಷ ಅದನ್ನು ಹೊಗಳಿಕೆ ಎಂದು ತಿಳಿದು ಒಳಗೊಳಗೇ ಹಿಗ್ಗಿದ್ದಳು, ಹಿಗ್ಗಿ ಇನ್ನಷ್ಟು ಬದುಕಿಕೊಂಡಿದ್ದಳು. "ಅವನಿಗೆ ಗೊತ್ತಾ?" ಎಂದು ಕೇಳಿದಳು. ಅಮ್ಮ ಕಾಫಿಯ ಕೆನೆಯನ್ನು ಬೆರಳಿಂದ ಎತ್ತಿ ಲೋಟದ ಅಂಚಿಗೆ ಒರೆಸಿದಳು. "ಆಗ ಗೊತ್ತಿರಲಿಲ್ಲ. ನೀನೇ ಗೆದ್ದೆ ಕಣೋ ಅಂದೆ, ನಂಬಿದ. ಚಿಕ್ಕವನು. ಈಗಿನದು ನನಗೇನು ಗೊತ್ತು, ಅವನ ಹೊಟ್ಟೆಯೊಳಗೆ ಹೊಕ್ಕು ನೋಡಿದ್ದೀನಾ?" ಉಳಿದ ಕಾಫಿ ಕುಡಿದು ಲೋಟವನ್ನು ಅವಳ ಕೈಗಿಟ್ಟು, "ಈಗ ಅದನ್ನೆಲ್ಲ ಕೆದಕಬೇಡ. ಹೊತ್ತಾಯ್ತು, ಕೆಲಸಕ್ಕೆ ಹೋಗು" ಎಂದಳು. ಅವಳು ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದಳು.

ಮುದುಕರು ಹೋದ ಮೇಲೆ ಅಂಗಡಿ ಸ್ವಲ್ಪ ತಣ್ಣಗಾಯಿತು. ಅವಳು ಭೂತಗನ್ನಡಿಯ ಕೆಳಗೆ ಒಂದು ಯಂತ್ರದ ಹೊಟ್ಟೆ ಬಿಚ್ಚಿಟ್ಟುಕೊಂಡು ಏನನ್ನೂ ಮಾಡದೆ ಕೂತಳು. ಎಲ್ಲರೂ ತಮ್ಮನನ್ನು ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಹಳೆಯ ಗೇಮುಗಳನ್ನು ಮಾರುವ ಅವನ ಅಂಗಡಿಯ ಬೋರ್ಡಿನ ಮೇಲೂ ಅದೇ ಹೆಸರು. ಅವನ ಮನೆಗೆ ಬಂದವರು ಆ ಕ್ಯಾಸೆಟ್ಟನ್ನು ಹಾಕಿಸಿ ನೋಡಿ ಆ ಸುತ್ತು ಯಾಕೆ ಎಂದು ಕೇಳಿದಾಗ ಅವನು ಕಣ್ಣು ಅರೆಮುಚ್ಚಿ, "ಅದು ಒಂಥರಾ ಧ್ಯಾನ. ಹೊಡೆಯೋ ಮುಂಚೆ ಇಡೀ ಮೈದಾನಕ್ಕೆ ಒಂದು ಪ್ರದಕ್ಷಿಣೆ ಹಾಕಿಬಿಡ್ತಿದ್ದೆ" ಎನ್ನುತ್ತಿದ್ದನಂತೆ. ಊಟದ ಮೇಜಿನಲ್ಲಿ ಈ ಕಥೆಯನ್ನು ಅವನ ಹೆಂಡತಿ ನಾಟಕ ಮಾಡಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಅದು ಯಾವ ಸುತ್ತು ಎಂದು ಹೊಳೆಯದೆ ಅವಳೂ ನಕ್ಕಿದ್ದಳು. ಅನ್ನ ಬಡಿಸುತ್ತ ನಕ್ಕಿದ್ದಳಲ್ಲ, ಥೂ. ಚಿಕ್ಕವನಿದ್ದಾಗ ಗೊತ್ತಿರಲಿಲ್ಲ, ಸರಿ, ಒಪ್ಪಿದಳು. ಆದರೆ ದೊಡ್ಡವನಾಗಿ ಆ ಕ್ಯಾಸೆಟ್ಟನ್ನು ಮೊದಲ ಸಲ ಹಾಕಿ ನೋಡಿದನಲ್ಲ, ಪುಟ್ಟ ಆಟಗಾರ ಎಡಕ್ಕೆ ಸುತ್ತುವುದನ್ನು ನೋಡಿದನಲ್ಲ, ಆ ಕ್ಷಣ? ಆ ಬಟನ್ನನ್ನು ಮುರಿದ ಕೈ ಅವನದೇ. ಆ ಕ್ಷಣ ಅವನಿಗೆ ಗೊತ್ತಾಗಿರಲೇಬೇಕು. ಗೊತ್ತಾಗಿ, ಫೋನ್ ಎತ್ತಿ "ಅಕ್ಕಾ" ಅನ್ನುವುದು ಬಿಟ್ಟು, ಧ್ಯಾನ ಎಂಬ ಮಾತನ್ನು ಹುಡುಕಿಕೊಂಡಿದ್ದ. ಇಲ್ಲಿ ಈ ಅಂಗಡಿಯಲ್ಲೇ ಹಿರಿಯ ಕೆಲಸಗಾರ್ತಿಯ ಜಾಗ ಖಾಲಿಯಾದಾಗ ಯಜಮಾನರು ಮೊದಲು ಅವಳನ್ನೇ ಕೇಳಿದ್ದರು. "ನನಗಿಂತ ಚೆನ್ನಾಗಿ ಮಾಡೋರು ಇರ್ತಾರೆ ಸಾರ್" ಅಂದಿದ್ದಳು. ಯಾರು ಹಾಗೆ ಹೇಳಿಕೊಟ್ಟರು ತನಗೆ? ಚೆನ್ನಾಗಿ ಆಡಿದೆ ಅಂದುಕೊಂಡಾಗೆಲ್ಲ ಹಿಂದೆ ಇನ್ನೊಬ್ಬ ಇನ್ನೂ ಚೆನ್ನಾಗಿ ಆಡಿರುತ್ತಾನೆ ಎಂದು? ಆ ಬಂಗಾರದ ಬಣ್ಣದ ಪ್ಲಾಸ್ಟಿಕ್ ತುಂಡು ಹೇಳಿಕೊಟ್ಟಿತ್ತು. ಇಡೀ ಮನೆ ಸೇರಿಕೊಂಡು ಹೇಳಿಕೊಟ್ಟಿತ್ತು.

ಒಂದು ಮನಸ್ಸು ಹೇಳುತ್ತಿತ್ತು: ಕೈ ಒಂಚೂರು ತಪ್ಪಿದರೆ ಸಾಕು. ಹಳೆಯ ಸೆಲ್ಲನ್ನು ಕೀಳುವ ಮುಂಚೆ ಬೇರೊಂದು ಸೆಲ್ಲಿನಿಂದ ಎರಡು ತಂತಿ ತಂದು ಕ್ಲಿಪ್ ಹಾಕಿ ಜೀವ ಹಿಡಿದಿಡಬೇಕು. ಆ ಕ್ಲಿಪ್ ಜಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಿನ ಆಟ ಅಳಿಸಿಹೋಗುತ್ತದೆ. ಅವನ ಹೆಸರೂ ಹೋಗುತ್ತದೆ. ಆದರೆ ಅದರೊಂದಿಗೆ ಆ ಹುಡುಗಿಯೂ ಹೋಗುತ್ತಾಳೆ. ಕಿಟಕಿಗೆ ಹೊದಿಕೆ ಸಿಕ್ಕಿಸಿ, ಕೆಟ್ಟ ಬಟನ್ ಹಿಡಿದುಕೊಂಡು, ಬಲಕ್ಕೆ ಹೋಗಲು ಎಡಗಡೆಯಿಂದ ಪ್ರಪಂಚ ಸುತ್ತಿ ಬಂದವಳು. ಅವಳು ಉಳಿದಿರುವುದು ಇನ್ನೆಲ್ಲೂ ಅಲ್ಲ, ಇಲ್ಲೇ, ಈ ಸಾಯುತ್ತಿರುವ ಸೆಲ್ಲಿನಲ್ಲಿ. ಬೇರೆಯವರ ಹೆಸರಿನಲ್ಲಾದರೂ ಇರಲಿ, ಇರಲಿ ಎಂದುಕೊಂಡಳು. ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆದು ಹಾಗೆಯೇ ಮುಚ್ಚಿದಳು. ಕೆಲಸವನ್ನು ಕೆಲಸದ ಹಾಗೆ ಮಾಡಿ ಕೊಟ್ಟುಬಿಡುತ್ತೇನೆ ಎಂದು ತೀರ್ಮಾನ ಮಾಡಿಕೊಂಡಳು. ತೀರ್ಮಾನವಾದ ಮೇಲೆ ಅಳು ಬಂತು, ಶೌಚಾಲಯಕ್ಕೆ ಹೋಗಿ ಮುಖ ತೊಳೆದು ಬಂದಳು.

ತಮ್ಮ ಬಂದಾಗ ಅಂಗಡಿಯೊಳಗೆ ಮೊದಲು ಬಂದದ್ದು ಅವನ ನಗು. ಹಿಂದೆ ಕೊಳ್ಳುವವನು, ಬಡಕಲು ಮನುಷ್ಯ, ಕೈಗೆ ಬಿಳಿಯ ಹತ್ತಿ ಕೈಗವಸು. ಇಂಥ ಅಪರೂಪದ ಕ್ಯಾಸೆಟ್ಟುಗಳನ್ನು ಹುಡುಕಿ ಹುಡುಕಿ ಕೂಡಿಡುವುದೇ ಅವನ ಹುಚ್ಚು. ತಮ್ಮನನ್ನು ಮಾತು ಮಾತಿಗೂ ಸರ್ ಎನ್ನುತ್ತಿದ್ದ. ತಮ್ಮ ತಂದಿದ್ದ ಪುಟ್ಟ ಟಿವಿಯನ್ನು ಅವಳ ಮೇಜಿನ ತುದಿಯಲ್ಲಿಟ್ಟು, ಅವಳು ಮನೆಯಿಂದ ತಂದಿದ್ದ ಮೆಷಿನ್ ಜೋಡಿಸಿ, ಮೊದಲು ಆಟ ನೋಡುವುದು, ಆಮೇಲೆ ಸೆಲ್ಲು ಬದಲಾಯಿಸುವುದು, ಆಮೇಲೆ ಮತ್ತೊಮ್ಮೆ ನೋಡುವುದು ಎಂದಾಯಿತು. ಯಜಮಾನರೂ ಕುತೂಹಲಕ್ಕೆ ಬಂದು ಅವಳ ಕುರ್ಚಿಯ ಹಿಂದೆ ನಿಂತರು. ಪುಟ್ಟ ಆಟಗಾರ ಬಂದ. ಎಡಕ್ಕೆ ತಿರುಗಿದ.

"ಇದೇ! ಇದೇ ಆ ಸುತ್ತು!" ಕೊಳ್ಳುವವನು ಮಗುವಿನಂತೆ ಚಪ್ಪಾಳೆ ತಟ್ಟಿದ, ಕೈಗವಸಿನಲ್ಲಿ ಸದ್ದೇ ಬರಲಿಲ್ಲ. "ಇಂಥ ಕ್ಯಾಸೆಟ್ ಕೂಡಿಡೋರೆಲ್ಲ ಇದರ ಬಗ್ಗೆ ಮಾತಾಡ್ತಾರೆ ಸರ್. ನಿಮ್ಮ ಬಾಯಿಂದಲೇ ಕೇಳಬೇಕು ಅಂತ ಆಸೆ ನನಗೆ."

"ಏನಿಲ್ಲ, ಅದು ಒಂಥರಾ ಧ್ಯಾನ…" ಎಂದು ತಮ್ಮ ಶುರು ಮಾಡಿದ.

"ಬಲಗಡೆ ಬಟನ್ ಕೆಟ್ಟಿತ್ತು" ಎಂದಳು ಅವಳು.

ಹೇಳಬೇಕೆಂದು ಹೇಳಿದ್ದಲ್ಲ. ಗಿರಾಕಿ ಯಂತ್ರದಲ್ಲಿ ಏನು ತೊಂದರೆ ಎಂದು ಕೇಳಿದರೆ ಹೇಳುತ್ತಾಳಲ್ಲ, ಅದೇ ದನಿಯಲ್ಲಿ ಬಾಯಿಂದ ಬಿದ್ದಿತ್ತು. ಕೊಳ್ಳುವವನು "ಏನಂದ್ರಿ ಮೇಡಂ?" ಎಂದು ತಿರುಗಿದ. "ಕಂಟ್ರೋಲರ್‌ನಲ್ಲಿ ಬಲಗಡೆ ಬಟನ್ ಕೆಲಸ ಮಾಡ್ತಿರಲಿಲ್ಲ. ಬಲಕ್ಕೆ ಹೋಗಬೇಕಂದ್ರೆ ಎಡಗಡೆಯಿಂದ ಸುತ್ತಿಯೇ ಬರಬೇಕಿತ್ತು" ಎಂದಳು. ತಮ್ಮ ಅವಳನ್ನು ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಚಾಂಪಿಯನ್ ಇರಲಿಲ್ಲ. ನೆಲಕ್ಕೆ ಕುಕ್ಕಿದ ಕಂಟ್ರೋಲರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ ಹುಡುಗನಿದ್ದ. ಗೊತ್ತು, ಇವನಿಗೆ ಗೊತ್ತು. ಹೇಳಿಬಿಡು ಮಾರಾಯ, ಈಗ ಹೇಳಿಬಿಟ್ಟರೂ ಸಾಕು, ಎಲ್ಲ ಮರೆಯುತ್ತೇನೆ ಎಂದು ಅವಳ ಮನಸ್ಸು ಗೋಗರೆಯಿತು.

"ನೋಡಿದ್ರಾ, ಅಕ್ಕನಿಗೆ ಎಷ್ಟು ಚೆನ್ನಾಗಿ ನೆನಪಿದೆ!" ತಮ್ಮ ಗಟ್ಟಿಯಾಗಿ ನಕ್ಕ. "ಧ್ಯಾನ ಗೀನ ಎಲ್ಲ ಸುಮ್ನೆ ತಮಾಷೆಗೆ ಹೇಳೋದು. ನಿಜ ಏನಂದ್ರೆ ನಮ್ಮನೇಲಿ ಇದ್ದಿದ್ದೇ ಎರಡು ಕಂಟ್ರೋಲರ್, ಒಂದು ಕೆಟ್ಟಿತ್ತು. ಒಳ್ಳೇದನ್ನ ಅಕ್ಕನಿಗೆ ಬಿಟ್ಟುಕೊಟ್ಟು ಕೆಟ್ಟಿದ್ರಲ್ಲೇ ಆಡ್ತಿದ್ದೆ ನಾನು. ಎಷ್ಟು ಕಷ್ಟಪಟ್ಟಿದ್ದೀನಿ ಅಂತೀರಿ!"

ಕೊಳ್ಳುವವನ ಕಣ್ಣಲ್ಲಿ ನೀರಾಡಿತು. "ಎಂಥ ತಮ್ಮ ಮೇಡಂ ನಿಮಗೆ!" ಎಂದ. ಹಿಂದಿನಿಂದ ಯಜಮಾನರು, "ಪುಣ್ಯ ಮಾಡಿದ್ದೀರಿ ಕಣ್ರಮ್ಮ" ಎಂದರು. ಅವಳು ಹೌದು ಎಂಬಂತೆ ಗೋಣು ಆಡಿಸಿದಳು. ಆಟವನ್ನು ಕದ್ದಿದ್ದ, ಇರಲಿ. ಈಗ ಕೆಟ್ಟ ಬಟನ್ನನ್ನೂ ಕದ್ದ. ತನ್ನ ಪಾಲಿಗೆ ಬಂದ ಹರಕು ಮುರುಕನ್ನೂ ಬಿಡದೆ ಎತ್ತಿಕೊಂಡು ಹೋಗಿ ಹೊದ್ದುಕೊಂಡ. ಇನ್ನು ಆ ಹುಡುಗಿ ಒಳಗಿದ್ದು ಏನು ಮಾಡಬೇಕು? ಯಾರದೋ ಕಪಾಟಿನಲ್ಲಿ, ಯಾರದೋ ಕೈಗವಸಿನ ನಡುವೆ, ತಮ್ಮನ ತ್ಯಾಗವನ್ನು ಸುತ್ತಿ ಸುತ್ತಿ ತೋರಿಸುತ್ತ ಇರಬೇಕೇ?

ಕ್ಯಾಸೆಟ್ಟನ್ನು ಹೊರತೆಗೆದು ತಿರುಪು ಬಿಚ್ಚಿದಳು. ಹಸಿರು ಹಲಗೆಯ ಮೇಲೆ ಸೆಲ್ಲು ಮಂಕಾಗಿ ಕೂತಿತ್ತು. ಹೊರಗಿನ ಸೆಲ್ಲಿನ ಎರಡು ತಂತಿಗಳನ್ನು ತಂದು ಕ್ಲಿಪ್ ಹಾಕಿದಳು. "ಇದು ಆಟವನ್ನ ಹಿಡಿದುಕೊಂಡಿರುತ್ತೆ" ಎಂದು ಕೊಳ್ಳುವವನಿಗೆ ವಿವರಿಸಿದಳು. ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟಳು. ಆಮೇಲೆ ಅವಳು ಕೈ ಚಾಚಿ, ಅದೂ ಕೆಲಸದ ಒಂದು ಹಂತವೆನ್ನುವಷ್ಟು ಸಹಜವಾಗಿ, ಹಾಕಿದ ಕ್ಲಿಪ್ಪನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು. ತೆಗೆದು, ಹಳೆಯ ಸೆಲ್ಲಿನ ಕಾಲಿಗೆ ಕಾದ ಕಡ್ಡಿ ಇಟ್ಟು ಎತ್ತಿದಳು. ಹೋಗು ಮಗಳೇ ಎಂದುಕೊಂಡಳು. ಹೊಸ ಸೆಲ್ಲನ್ನು ಕೂರಿಸಿದಳು, ಬೆಸುಗೆ ಎಂದಿನಂತೆ ಅಂದವಾಗಿ ಬಂತು.

ಪರದೆಯ ಮೇಲೆ ತಮ್ಮನ ಹೆಸರು ಇದ್ದ ಕಡೆ ಗೆರೆಗಳು ಮಾತ್ರ ಬಂದವು. ತಮ್ಮ ಮೆಷಿನ್ ಆರಿಸಿ ಮತ್ತೆ ಹಾಕಿದ. ಮತ್ತೆ ಗೆರೆಗಳು.

"ಅಕ್ಕಾ? ಏನಾಯ್ತಿದು?"

"ಹೋಯ್ತು."

"ಹೋಯ್ತು ಅಂದ್ರೆ? ಅಯ್ಯೋ, ನನ್ನ ಆಟ ಅಕ್ಕಾ ಅದು! ನನ್ನ ಆಟ!"

"ನಿನ್ನದೇ ತಾನೆ?" ಅವಳು ಕಂಟ್ರೋಲರನ್ನು ಅವನ ಕಡೆ ತಳ್ಳಿದಳು. "ಇನ್ನೊಂದ್ಸಲ ಆಡು."

ಕೊಳ್ಳುವವನ ಮುಖ ಸಣ್ಣಗಾಗಿತ್ತು, ಆದರೂ ಆಸೆ ಬಿಟ್ಟಿರಲಿಲ್ಲ. "ಅದೂ ಸರಿನೇ ಸರ್. ಹೋಗಿದ್ದು ಹೋಯ್ತು. ನೀವೇ ಇದೀರಲ್ಲ, ಒಂದೆರಡು ಕುಳಿ ಆಡಿ. ನಿಮ್ಮ ಕೈ ನೋಡಿದ ಹಾಗೂ ಆಗುತ್ತೆ" ಎಂದ. ತಮ್ಮ ಬೆವರು ಒರೆಸಿಕೊಂಡು ಕಂಟ್ರೋಲರ್ ಎತ್ತಿಕೊಂಡ. ಹಸಿರು ಮೈದಾನ ಬಂತು. ಬಾವುಟ ಅದೇ ಜಾಗದಲ್ಲಿ, ಒಂದಿಷ್ಟು ಬಲಕ್ಕಿತ್ತು. ತಮ್ಮ ಬಲಗಡೆಯ ಬಟನ್ ಒಂದು ಸಲ ಒತ್ತಿದ. ಆಟಗಾರ ನೆಟ್ಟಗೆ ಬಾವುಟದ ಕಡೆ ತಿರುಗಿ ನಿಂತ.

"ಸುತ್ತಲಿಲ್ಲವಲ್ಲ ಸರ್ ನೀವು?"

"ಈ ಕಂಟ್ರೋಲರ್ ಚೆನ್ನಾಗಿದೆಯಲ್ಲ…" ಎಂದವನು ಕೊಳ್ಳುವವನ ಮುಖ ನೋಡಿ, "ಹಾಂ, ಅಭ್ಯಾಸ ತಪ್ಪಿಹೋಗಿದೆ, ತಡೀರಿ, ತೋರಿಸ್ತೀನಿ" ಎಂದು ಆಟಗಾರನನ್ನು ಗಡಿಬಿಡಿಯಿಂದ ಸುತ್ತಿಸತೊಡಗಿದ. ಬಲಗಡೆಗೆ. ಬಲಗಡೆಯ ಬಟನ್ನನ್ನೇ ಮತ್ತೆ ಮತ್ತೆ ಒತ್ತುತ್ತ ಒಂದು ಪೂರ್ತಿ ಸುತ್ತು ಸುತ್ತಿಸಿ ಹೊಡೆದ. ಚೆಂಡು ಮರಳುಗುಂಡಿಗೆ ಬಿತ್ತು. ಕೊಳ್ಳುವವನು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಕಳಚಿ ಜೇಬಿಗೆ ಹಾಕಿಕೊಂಡ. ಅವಳ ಮುಖವನ್ನು ಒಂದು ಸಲ, ಅವಳ ಕೈಯನ್ನು ಒಂದು ಸಲ ನೋಡಿದ. "ಬರ್ತೀನಿ ಮೇಡಂ" ಎಂದಷ್ಟೇ ಹೇಳಿ 'ಸರ್' ಎನ್ನದೆ ಹೊರಟುಹೋದ.

ತಮ್ಮ ಕಂಟ್ರೋಲರನ್ನು ಮೇಜಿನ ಮೇಲಿಟ್ಟ. ಕುಕ್ಕಲಿಲ್ಲ, ಮೆಲ್ಲಗೆ ಇಟ್ಟ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಕಣ್ಣು ತುಂಬಿಕೊಂಡು, "ನೀನು ಹೀಗೆ ಕೈ ಕೊಡ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಅಕ್ಕಾ" ಎಂದ. ಆ ನೋವು ನಿಜವಾದದ್ದೇ ಆಗಿತ್ತು. ಅದು ಅವಳಿಗೆ ಕಾಣುತ್ತಿತ್ತು. ಬಾಯಿಯ ತುದಿಯವರೆಗೆ "ತಪ್ಪಾಯ್ತು" ಬಂದಿತ್ತು. ಅವಳು ತುಟಿ ಕಚ್ಚಿ ಅದನ್ನು ಒಳಗೇ ಇಟ್ಟುಕೊಂಡಳು. ಅವನು ಬಂಗಾರದ ಕ್ಯಾಸೆಟ್ಟನ್ನು ಬಿಟ್ಟೇ ಹೋದ.

"ಆ ಟಿವಿ ಎತ್ತಿಡಿಯಮ್ಮ, ಗಿರಾಕಿ ಬರೋ ಹೊತ್ತು" ಎಂದು ಯಜಮಾನರು ಕೌಂಟರಿನಿಂದ ಹೇಳಿದರು, ಈ ಸಲ ಮೆಲ್ಲಗೆ. ಅವಳು ವೈರ್ ಕೀಳಲು ಕೈ ಚಾಚಿದವಳು ಹಾಗೆಯೇ ತಡೆದಳು. ತಮ್ಮ ಅರ್ಧಕ್ಕೆ ಬಿಟ್ಟ ಆಟವನ್ನು ಅಳಿಸಿ ಮೊದಲ ಕುಳಿಯಿಂದ ಶುರು ಮಾಡಿದಳು. ಹಸಿರು ಮೈದಾನ, ಪುಟ್ಟ ಆಟಗಾರ, ಒಂದಿಷ್ಟು ಬಲಕ್ಕೆ ಬಾವುಟ. ಎಷ್ಟೋ ವರ್ಷದ ಮೇಲೆ ಅವಳ ಕೈಯಲ್ಲಿ ಕಂಟ್ರೋಲರ್ ಇತ್ತು, ಅದೂ ಒಳ್ಳೆಯದು. ಬಲಗಡೆಯ ಬಟನ್ ಚೆನ್ನಾಗಿಯೇ ಇತ್ತು, ಒತ್ತಿದರೆ ಕೇಳುತ್ತಿತ್ತು, ಈಗಷ್ಟೇ ನೋಡಿದ್ದಳು. ಒಂದು ಸಲ ಒತ್ತಿದರೆ ಸಾಕಿತ್ತು. ಅವಳ ಹೆಬ್ಬೆರಳು ಎಡಗಡೆಯದನ್ನೇ ಒತ್ತಿತು.